ಅಟ್ಲಾಸ್‌ನ ಪುಟಗಳು, ಭಾಷಾ ಮಾದರಿಯ ಸ್ಮೃತಿ

ಭಾಷಾ ಮಾದರಿ ತನ್ನ ಉತ್ತರವನ್ನು ಒಂದೊಂದೇ ಟೋಕನ್‌ನಂತೆ, ಅಂದರೆ ಪದ ಅಥವಾ ಪದದ ತುಣುಕಿನಂತೆ, ಹೊರಡಿಸುತ್ತದೆ. ಹಿಂದಿನ ಟೋಕನ್‌ಗಳ ಲೆಕ್ಕವನ್ನು ಪ್ರತಿಸಲ ಮತ್ತೆ ಮಾಡದಿರಲು ಅದರ ಫಲಿತಾಂಶವನ್ನು ಗ್ರಾಫಿಕ್ಸ್ ಸಂಸ್ಕಾರಕದ ಸ್ಮೃತಿಯಲ್ಲಿ ಇರಿಸಿಕೊಳ್ಳಬೇಕು. 1300 ಕೋಟಿ ಪ್ರಾಚಲಗಳ ಒಪಿಟಿ ಮಾದರಿಯಲ್ಲಿ ಒಂದು ಟೋಕನ್‌ಗೆ ಸುಮಾರು 800 ಕಿಲೋಬೈಟ್. 2048 ಟೋಕನ್‌ಗಳಿಗೆ 1.6 ಗಿಗಾಬೈಟ್!

ಉತ್ತರ ಎಷ್ಟು ಉದ್ದವಾದೀತೆಂದು ಮೊದಲೇ ತಿಳಿಯದು. ಹಾಗಾಗಿ ಕ್ಲೌಡ್ ಸೇವೆಯ ತಂತ್ರಾಂಶಗಳು ಪ್ರತಿ ಕೋರಿಕೆಗೂ ಗರಿಷ್ಠ ಉದ್ದಕ್ಕೆ ಬೇಕಾದ ಜಾಗವನ್ನು ಒಂದೇ ಪಟ್ಟಿಯಾಗಿ ಮೀಸಲಿಡುತ್ತಿದ್ದವು. ಒಬ್ಬ ಪ್ರಯಾಣಿಕನಿಗೆ ಬಸ್ಸಿನ ಒಂದು ಸಾಲನ್ನೇ ಕಾದಿರಿಸಿದಂತೆ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವೂಸುಕ್ ಕ್ವಾನ್ ಮತ್ತು ಸಂಗಡಿಗರು 2023ರಲ್ಲಿ ಅಳೆದಾಗ, ಈ ಮೀಸಲು ಸ್ಮೃತಿಯಲ್ಲಿ ನಿಜಕ್ಕೂ ಬಳಕೆಯಾಗುತ್ತಿದ್ದುದು ಶೇ. 20.4ರಿಂದ 38.2 ಮಾತ್ರ.

ಅವರು ಹಿಡಿದ ಉಪಾಯ ಹಳೆಯದು. 1962ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಟಾಮ್ ಕಿಲ್ಬರ್ನ್ ತಂಡದ ಅಟ್ಲಾಸ್ ಗಣಕವು ಸ್ಮೃತಿಯನ್ನು ಪುಟಗಳಾಗಿ ವಿಂಗಡಿಸಿತ್ತು. ಒಂದು ಪುಟಕ್ಕೆ 48 ಬಿಟ್‌ಗಳ 512 ಪದಗಳು. ಪುಟಗಳು ಎಲ್ಲೆಲ್ಲೋ ಚದುರಿರಬಹುದು. ಯಾವುದು ಎಲ್ಲಿದೆಯೆಂದು ಯಂತ್ರವೇ ಲೆಕ್ಕವಿಡುತ್ತದೆ. ಕ್ರಮವಿಧಿಗೆ ಮಾತ್ರ ಎಲ್ಲವೂ ಸಾಲಾಗಿರುವಂತೆ ತೋರುತ್ತದೆ. ಇಂದಿನ ಕಾರ್ಯಾಚರಣಾ ವ್ಯವಸ್ಥೆಗಳೆಲ್ಲ ಇದರ ಋಣದಲ್ಲಿವೆ.

ಬರ್ಕ್ಲಿ ತಂಡ 16 ಟೋಕನ್‌ಗಳಿಗೊಂದು ಖಂಡ ಮಾಡಿ, ಬೇಕಾದಾಗಷ್ಟೇ ಹಂಚಿತು. ಪೋಲಾಗುವುದು ಕೊನೆಯ ಖಂಡದಲ್ಲಿ ಉಳಿದ ಜಾಗ ಮಾತ್ರ. ಅದೇ ಯಂತ್ರದಿಂದ 2ರಿಂದ 4 ಪಟ್ಟು ಹೆಚ್ಚು ಕೆಲಸ ದೊರೆಯಿತು. 2023ರ ಜೂನ್‌ನಲ್ಲಿ ಆಕರ ಸಂಕೇತವನ್ನು ವಿಎಲ್‌ಎಲ್‌ಎಂ ಎಂಬ ಹೆಸರಿನಲ್ಲಿ ಎಲ್ಲರಿಗೂ ಮುಕ್ತವಾಗಿ ನೀಡಲಾಯಿತು. 2025ರಲ್ಲಿ ಯೋಜನೆ ಪೈಟಾರ್ಚ್ ಪ್ರತಿಷ್ಠಾನದ ಆಶ್ರಯಕ್ಕೆ ಬಂತು. ಮೊದಲ ಲಾಭ ಪಡೆದದ್ದು ಮಾತ್ರ ಹಣದ ಕೊರತೆಯಿದ್ದ ಸಂಶೋಧಕರೇ: ವಿಕುನಾ ಮಾದರಿಯನ್ನು ಸಾರ್ವಜನಿಕರಿಗೆ ಒದಗಿಸುತ್ತಿದ್ದ ವಿಶ್ವವಿದ್ಯಾಲಯದ ಗುಂಪಿಗೆ ಬೇಕಾದ ಗ್ರಾಫಿಕ್ಸ್ ಸಂಸ್ಕಾರಕಗಳು ಅರ್ಧಕ್ಕೆ ಇಳಿದವು.