ಪಡಸಾಲೆಯಿಂದ ರಂಗಮಂಚಕ್ಕೆ

ವಾಚಕರೇ, ಹಳೆಯ ರೇಡಿಯೋ ಪೆಟ್ಟಿಗೆಯ ಬೆನ್ನಿನ ಹಲಗೆಯನ್ನು ತೆಗೆದು ನೋಡಿದವರಿಗೆ ಅದರೊಳಗಿನ ಕಪ್ಪು ಕಾಗದದ ಶಂಕು ಪರಿಚಿತವಾದದ್ದೇ. ಧ್ವನಿ ಹೊರಡುವುದು ಆ ಕಾಗದದ ಕಂಪನದಿಂದ. ಅದು ಎಲ್ಲಿಯಾದರೂ ಸೀಳಿತೆಂದರೆ ವಾರ್ತೆ ಓದುವವರ ಕಂಠಕ್ಕೆ ನೆಗಡಿ ಹಿಡಿಯುತ್ತದೆ. ವೀಣೆಯ ನಾದ ಜೀರುಂಡೆಯ ಕೂಗಾಗುತ್ತದೆ. ನಾವಾದರೆ ಪೆಟ್ಟಿಗೆಯನ್ನು ಹೊತ್ತುಕೊಂಡು ರಿಪೇರಿಯ ಅಂಗಡಿಗೆ ಹೋಗುತ್ತೇವೆ. ಲಂಡನ್ನಿನ ಉತ್ತರ ಭಾಗದಲ್ಲಿ, ಇಪ್ಪತ್ತು ಇನ್ನೂ ದೂರವಿದ್ದ ಹುಡುಗನೊಬ್ಬ ಇದಕ್ಕೆ ವಿರುದ್ಧವಾದ ಕೆಲಸ ಮಾಡಿದ. ತನ್ನ ಗಿಟಾರಿಗೆ ಜೋಡಿಸಿದ್ದ ಅಗ್ಗದ ಧ್ವನಿವರ್ಧಕದ ಕಾಗದವನ್ನು ಕ್ಷೌರದ ಬ್ಲೇಡಿನಿಂದ ತಾನಾಗಿಯೇ ಸೀಳಿದ. ಅದರಿಂದ ಹೊರಟ ಒರಟು ಗರ್ಜನೆಯನ್ನು ಇನ್ನೊಂದು ದೊಡ್ಡ ಯಂತ್ರದ ಮೂಲಕ ಹಾಯಿಸಿದ. 1964ನೆಯ ಇಸವಿಯ ಆಗಸ್ಟಿನಲ್ಲಿ ಹೊರಬಂದು, ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲನೆಯ ಸ್ಥಾನಕ್ಕೇರಿದ ‘ಯೂ ರಿಯಲಿ ಗಾಟ್ ಮಿ’ ಎಂಬ ಹಾಡಿನಲ್ಲಿ ಕೇಳುವುದು ಆ ಸೀಳಿದ ಕಾಗದದ ಧ್ವನಿಯೇ. ಸೀಳಿದವನು ತಮ್ಮ, ಡೇವ್ ಡೇವೀಸ್. ಹಾಡು ಕಟ್ಟಿ ಹಾಡಿದವನು ಅಣ್ಣ, ರೇ ಡೇವೀಸ್. ಅವರ ಮೇಳದ ಹೆಸರು ಕಿಂಕ್ಸ್.

ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುವವನು. ರಗಳೆಯೆಂದರೆ ನನಗೆ ಹರಿಹರನದೇ ಹೊರತು ರಾಕ್ ಸಂಗೀತದ ಈ ರಗಳೆಯಲ್ಲ ಎಂದು ಬಹುಕಾಲ ಹೇಳಿಕೊಂಡು ಬಂದವನು. ಹಳೆಯ ಶಿಷ್ಯನೊಬ್ಬ ಒಂದು ಸಂಜೆ ಮನೆಗೆ ಬಂದು, “ಮೇಷ್ಟ್ರೇ, ಇದನ್ನು ಸಂಗೀತವೆಂದು ಕೇಳಬೇಡಿ, ಹರಿಕಥೆಯೆಂದು ಕೇಳಿ” ಎಂದು ಒಂದು ಮುದ್ರಿಕೆಯನ್ನು ಕೊಟ್ಟುಹೋದ. ಅದು ರೇ ಡೇವೀಸರು 1998ರಲ್ಲಿ ಹೊರತಂದ ‘ದಿ ಸ್ಟೋರಿಟೆಲರ್’, ಅಂದರೆ ‘ಕಥೆಗಾರ’. ಶಿಷ್ಯನ ಮಾತು ಸುಳ್ಳಾಗಲಿಲ್ಲ.

ಅದರ ಹಿನ್ನೆಲೆಯನ್ನು ಮೊದಲು ಅರಿಕೆಮಾಡುತ್ತೇನೆ. ಮೂವತ್ತು ವರ್ಷ ಮೇಳವನ್ನು ನಡೆಸಿದ ಡೇವೀಸರು 1994ರಲ್ಲಿ ‘ಎಕ್ಸ್-ರೇ’ ಎಂಬ ಆತ್ಮಕಥೆಯನ್ನು ಪ್ರಕಟಿಸಿದರು. ಪುಸ್ತಕದ ಪ್ರಚಾರಕ್ಕಾಗಿ ಅದರ ಭಾಗಗಳನ್ನು ಓದಿ ಹೇಳುತ್ತ, ನಡುನಡುವೆ ಹಾಡುತ್ತ ಹೊರಟದ್ದು 1995ರ ಹೊತ್ತಿಗೆ ಒಂದು ಪೂರ್ಣ ಪ್ರದರ್ಶನವಾಗಿ ಬೆಳೆಯಿತು. ಮೇಳವಿಲ್ಲ, ಡೋಲಿಲ್ಲ, ಕಣ್ಣು ಕೋರೈಸುವ ದೀಪಗಳಿಲ್ಲ. ಮುಂದೆ ಪುಸ್ತಕ, ಕೈಯಲ್ಲಿ ಗಿಟಾರು, ಪಕ್ಕಕ್ಕೆ ಜೊತೆಗಿಟಾರು ನುಡಿಸುವ ಪೀಟ್ ಮ್ಯಾಥಿಸನ್ ಒಬ್ಬರು. ಇಂಗ್ಲೆಂಡು, ಅಮೆರಿಕಗಳ ರಂಗಮಂದಿರಗಳಲ್ಲಿ ಜನ ಕುಳಿತು, ಕುಣಿಯದೆ, ಕೇಳಿದರು. ನಮ್ಮ ಕೀರ್ತನಕಾರರು ಪೂರ್ವಪೀಠಿಕೆ ಹಾಕಿ, ಕಥೆ ಹಿಡಿದು, ನಡುವೆ ಪದ ಹಾಡಿ, ಉಪಕಥೆಗೆ ಹೊರಳಿ ಮತ್ತೆ ಕಥೆಗೆ ಬರುವ ಕ್ರಮವನ್ನು ಬಲ್ಲ ನಿಮಗೆ ಇದರ ನಡೆಯನ್ನು ವಿವರಿಸಬೇಕಾಗಿಲ್ಲ. ಅವರ ದೇಶದಲ್ಲಿಯೂ ಇದಕ್ಕೆ ಪೂರ್ವಿಕರಿದ್ದರು. ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ 1858ರಿಂದ 1870ರ ವರೆಗೆ ತನ್ನ ಕೃತಿಗಳನ್ನು ಸಾವಿರಾರು ಮಂದಿಯ ಮುಂದೆ ತಾನೇ ಓದಿ, ಪಾತ್ರಪಾತ್ರಕ್ಕೂ ಕಂಠ ಬದಲಿಸಿ, ಮೈಯನ್ನು ಸವೆಸಿಕೊಂಡವನು.

ಆದರೆ ಇಲ್ಲೊಂದು ತೊಡಕಿದೆ. ಕೀರ್ತನಕಾರ ಹೇಳುವುದು ಧ್ರುವನ ಕಥೆ, ಚಂದ್ರಹಾಸನ ಕಥೆ. ತನ್ನದೇ ಕಥೆಯನ್ನು ತಾನೇ ವೇದಿಕೆಯ ಮೇಲೆ ನಿಂತು ಹೇಳಿದರೆ ಅದು ಆತ್ಮಪ್ರಶಂಸೆಯಾಗದೆ ಉಳಿಯುವುದು ಹೇಗೆ? ಡೇವೀಸರು ಪುಸ್ತಕದಲ್ಲಿ ಹೂಡಿದ ಉಪಾಯ ಮೆಚ್ಚತಕ್ಕದ್ದು. ಅಲ್ಲಿ ಕಥೆ ಹೇಳುವವನು ಅವರಲ್ಲ. ಮುಂದೆಂದೋ ಬರುವ ಕಾಲದಲ್ಲಿ ಹೆಸರಿಲ್ಲದ ತರುಣನೊಬ್ಬನನ್ನು ಒಂದು ಬೃಹತ್ ಸಂಸ್ಥೆ ಮುದುಕನಾದ ಹಾಡುಗಾರನ ಬಳಿಗೆ ಕಳುಹಿಸುತ್ತದೆ. ಮುದುಕ ಗೊಣಗುತ್ತಾನೆ, ಮರೆಸುತ್ತಾನೆ, ಒಮ್ಮೊಮ್ಮೆ ಸುಳ್ಳನ್ನೂ ಹೇಳುತ್ತಿರಬಹುದೆಂಬ ಸಂಶಯ ತರುಣನಿಗೆ ಬರುತ್ತದೆ. ಹೀಗೆ ಲೇಖಕರು ತಮ್ಮನ್ನೇ ತಾವು ಪಾಟೀಸವಾಲಿಗೆ ಒಡ್ಡಿಕೊಂಡಿದ್ದಾರೆ. ಅಡ್ಡಪಂಕ್ತಿಯಲ್ಲಿ ಇದನ್ನು ‘ಅನಧಿಕೃತ ಆತ್ಮಕಥೆ’ ಎಂದು ಕರೆದದ್ದು ಬರಿಯ ಹಾಸ್ಯಕ್ಕಲ್ಲ.

ಈಗ ಕಥೆಗೆ ಬರೋಣ. ಲಂಡನ್ನಿನ ಫೋರ್ಟಿಸ್ ಗ್ರೀನ್ ಎಂಬ ಬಡಾವಣೆ, ಡೆನ್ಮಾರ್ಕ್ ಟೆರೇಸಿನ ಆರನೆಯ ನಂಬರಿನ ಮನೆ. ಆರು ಹೆಣ್ಣುಮಕ್ಕಳ ಮೇಲೆ ಹುಟ್ಟಿದ ಇಬ್ಬರು ಗಂಡುಮಕ್ಕಳಲ್ಲಿ ರೇ ಹಿರಿಯ. ಹುಟ್ಟಿದ್ದು 1944ರ ಜೂನ್ 21ರಂದು, ಯುದ್ಧ ಇನ್ನೂ ನಡೆಯುತ್ತಿದ್ದಾಗ. ಆ ಮನೆಗೆ ಒಂದು ಪಡಸಾಲೆ, ಪಡಸಾಲೆಯಲ್ಲಿ ಒಂದು ಪಿಯಾನೋ. ಶನಿವಾರ ರಾತ್ರಿಯಾಯಿತೆಂದರೆ ನೆಂಟರಿಷ್ಟರು, ಅಕ್ಕಂದಿರ ಗೆಳೆಯರು, ಎಲ್ಲರೂ ಅಲ್ಲಿ ನೆರೆದು ಹಾಡುವರು. ತಂದೆ ಹಳೆಯ ಸಂಗೀತಶಾಲೆಗಳ ಹಾಡುಗಳನ್ನು ಹಾಡುತ್ತಿದ್ದರು. ಒಬ್ಬೊಬ್ಬ ಅಕ್ಕನದೂ ಒಂದೊಂದು ರುಚಿ, ಒಂದೊಂದು ಗ್ರಾಮಫೋನ್ ತಟ್ಟೆ. ಸಂಗೀತಶಾಲೆಗೆ ಹೋಗಿ ಕಲಿಯುವುದು ಬೇರೆ. ಮೂಲೆಯಲ್ಲಿ ಮುದುಡಿ ಕುಳಿತು ದೊಡ್ಡವರ ಕಾಲುಗಳ ಸಂದಿಯಿಂದ ಕೇಳಿ ಕಲಿಯುವುದೇ ಬೇರೆ.

ಅಕ್ಕಂದಿರಲ್ಲಿ ಒಬ್ಬಳು ರೀನ್. ಕೆನಡಾದ ಸೈನಿಕನನ್ನು ಮದುವೆಯಾಗಿ ಆ ದೇಶಕ್ಕೆ ಹೋಗಿದ್ದವಳು ತವರಿಗೆ ಮರಳಿದ್ದಳು. ಬಾಲ್ಯದ ಜ್ವರದಿಂದ ಅವಳ ಹೃದಯ ದುರ್ಬಲವಾಗಿತ್ತು. ಕುಣಿತ ಕೂಡದೆಂದು ವೈದ್ಯರ ಕಟ್ಟಪ್ಪಣೆ. ಅವಳಿಗೋ ಕುಣಿತವೆಂದರೆ ಪ್ರಾಣ. 1957ರ ಜೂನ್ ತಿಂಗಳಿನಲ್ಲಿ ತಮ್ಮನ ಹದಿಮೂರನೆಯ ಹುಟ್ಟುಹಬ್ಬಕ್ಕೆ, ಅವನು ಬಹುದಿನದಿಂದ ಆಸೆಪಟ್ಟಿದ್ದ ಸ್ಪ್ಯಾನಿಷ್ ಗಿಟಾರನ್ನು ತಂದುಕೊಟ್ಟಳು. ಅವನೊಡನೆ ಪಿಯಾನೋದ ಮುಂದೆ ಕುಳಿತು ಕೆಲವು ಹಾಡುಗಳನ್ನು ನುಡಿಸಿದಳು. ಅಂದು ರಾತ್ರಿ ಲೈಸಿಯಂ ಎಂಬ ನೃತ್ಯಮಂದಿರಕ್ಕೆ ಹೋದವಳು ಕುಣಿಯುತ್ತಿದ್ದಂತೆಯೇ ಕುಸಿದು ತೀರಿಕೊಂಡಳು. ಅವಳ ವಯಸ್ಸು ಮೂವತ್ತೊಂದು.

ಕಾಣಿಕೆ ಬಂದ ದಿನವೇ ಕೊಟ್ಟವಳು ಹೋದಳು. ಆ ಬಾಲಕ ಆಮೇಲೆ ಬಹಳ ಕಾಲ ಮಾತು ಕಡಿಮೆಮಾಡಿದನೆಂದು ಹೇಳುತ್ತಾರೆ. ಮುಂದೆ ಎಷ್ಟೋ ಹಾಡುಗಳಲ್ಲಿ ಯಾರೋ ಒಬ್ಬರು ದೂರ ಹೋಗಿರುತ್ತಾರೆ, ಇನ್ನೊಬ್ಬರು ಈಚೆ ದಡದಲ್ಲಿ ನಿಂತು ನೋಡುತ್ತಿರುತ್ತಾರೆ. ಇನ್ನೊಬ್ಬ ಅಕ್ಕ ರೋಸ್, 1964ರಲ್ಲಿ ಗಂಡ ಆರ್ಥರನೊಡನೆ ಆಸ್ಟ್ರೇಲಿಯಕ್ಕೆ ವಲಸೆಹೋದಾಗಲೂ ಹಾಡೊಂದು ಹುಟ್ಟಿತು. ಆ ಭಾವನ ಹೆಸರಿನಲ್ಲಿಯೇ 1969ರಲ್ಲಿ ಒಂದು ಇಡೀ ಗೀತಮಾಲಿಕೆ ಬಂದಿತು.

ವಿನೋದದ ಭಾಗವೂ ಬೇಕಷ್ಟಿದೆ. ‘ಮೂರನೆಯ ತಟ್ಟೆ’ಯ ಪ್ರಸಂಗವನ್ನು ಡೇವೀಸರು ರಾವಣನ ದರ್ಬಾರಿನಂತೆ ವರ್ಣಿಸುತ್ತಾರೆ. ಮೇಳದ ಮೊದಲೆರಡು ತಟ್ಟೆಗಳು ನೆಲಕಚ್ಚಿದ್ದವು. ಮೂರನೆಯದೂ ಬಿದ್ದರೆ ಕಂಪನಿ ಬಾಗಿಲು ಮುಚ್ಚುತ್ತದೆ. ಅಂಥ ಹೊತ್ತಿನಲ್ಲಿ, ಮುದ್ರಿಸಿದ ಹಾಡು ನಿಧಾನವಾಗಿದೆ, ಪ್ರತಿಧ್ವನಿಯಲ್ಲಿ ಮುಳುಗಿಹೋಗಿದೆ, ಇದನ್ನು ಬಿಡುಗಡೆ ಮಾಡಕೂಡದೆಂದು ಇಪ್ಪತ್ತು ವರ್ಷದ ರೇ ಹಟಹಿಡಿದರು. ಎರಡನೆಯ ಸಲ ಮುದ್ರಿಸುವ ಖರ್ಚು ಸುಮಾರು 200 ಪೌಂಡು. ಹಟ ಗೆದ್ದಿತು. ಹರಿದ ಕಾಗದದ ಗರ್ಜನೆ ಲೋಕಕ್ಕೆ ಕೇಳಿದ್ದು ಆ ಎರಡನೆಯ ಮುದ್ರಣದಲ್ಲಿ.

ನಮ್ಮ ದೇಶಕ್ಕೂ ಈ ಕಥೆಯಲ್ಲಿ ಒಂದು ಸಣ್ಣ ಪಾತ್ರವಿದೆ. 1965ರ ಜನವರಿಯಲ್ಲಿ ಆಸ್ಟ್ರೇಲಿಯಕ್ಕೆ ಹೋಗುವ ದಾರಿಯಲ್ಲಿ ಮೇಳದವರು ಮುಂಬಯಿಯಲ್ಲಿ ತಂಗಿದರು. ನಸುಕಿನಲ್ಲಿ ಎಚ್ಚರಗೊಂಡ ಡೇವೀಸರಿಗೆ ಕಡಲಿಗೆ ಹೊರಟ ಬೆಸ್ತರ ಹಾಡು ಕೇಳಿಸಿತು. ಅದೇ ಜುಲೈ ತಿಂಗಳ ಕೊನೆಗೆ ‘ಸೀ ಮೈ ಫ್ರೆಂಡ್ಸ್’ ಎಂಬ ಹಾಡು ಬಂದಿತು. ಅದರಲ್ಲಿ ಗಿಟಾರು ತಂಬೂರಿಯ ಹಾಗೆ ಒಂದೇ ಶ್ರುತಿಯನ್ನು ಹಿಡಿದು ನಿಲ್ಲುತ್ತದೆ. ಕಂಠ ಅದರ ಮೇಲೆ ತೇಲುತ್ತದೆ. ಬೀಟಲ್ಸ್ ಮೇಳದವರ ಹಾಡಿನಲ್ಲಿ ಸಿತಾರು ಕೇಳಿಸಿದ್ದು ಆ ವರ್ಷದ ಡಿಸೆಂಬರಿನಲ್ಲಿ. ಹೆಸರಾಂತ ಉಸ್ತಾದರಿಂದಲ್ಲ, ಬಲೆ ಹೊತ್ತ ಅನಾಮಧೇಯರಿಂದ ಈ ಪಾಠವಾಯಿತೆಂಬುದು ನನಗೆ ಬಹಳ ಹಿಡಿಸಿದ ಸಂಗತಿ. ಆ ಹಾಡಿನಲ್ಲಿಯೂ ನದಿಯಿದೆ, ಆಚೆ ದಡವಿದೆ, ತೀರಿಹೋದ ಅಕ್ಕನ ನೆರಳಿದೆ ಎನ್ನುತ್ತಾರೆ.

ಅದೇ 1965ರಲ್ಲಿ ಅಮೆರಿಕದ ಸಂಗೀತಗಾರರ ಸಂಘ ಕಿಂಕ್ಸ್ ಮೇಳಕ್ಕೆ ಅಲ್ಲಿ ನುಡಿಸುವ ಪರವಾನಗಿಯನ್ನು ನಿರಾಕರಿಸಿತು. ಬಾಗಿಲು ತೆರೆದದ್ದು 1969ರಲ್ಲಿ. ಹುಡುಗರೂ ಸಾಮಾನ್ಯರಾಗಿರಲಿಲ್ಲ; ಆ ವರ್ಷದ ಮೇ ತಿಂಗಳಲ್ಲಿ ಕಾರ್ಡಿಫ್ ಪಟ್ಟಣದ ವೇದಿಕೆಯ ಮೇಲೆಯೇ ಡೋಲು ಬಾರಿಸುವವನು ಡೇವನ ತಲೆಗೆ ಹೊಡೆದು ರಕ್ತ ಹರಿಸಿದ್ದ. ಸಮಕಾಲೀನ ಮೇಳಗಳು ಅಮೆರಿಕದಲ್ಲಿ ಹಣ ಬಾಚುತ್ತಿದ್ದ ಆ ನಾಲ್ಕು ವರ್ಷಗಳನ್ನು ರೇ ಡೇವೀಸರು ತಮ್ಮ ಊರಿನ ಬೀದಿಗಳನ್ನು ನೋಡುತ್ತ ಕಳೆದರು. 1967ರಲ್ಲಿ ‘ವಾಟರ್‌ಲೂ ಸನ್‌ಸೆಟ್’ ಬಂದಿತು: ಥೇಮ್ಸ್ ನದಿ, ರೈಲುನಿಲ್ದಾಣದ ಗದ್ದಲ, ಕಿಟಕಿಯಿಂದ ಸೂರ್ಯಾಸ್ತವನ್ನು ನೋಡುವ ಒಬ್ಬ ಒಂಟಿಗ. 1968ರ ನವೆಂಬರ್ 22ರಂದು ಹಳ್ಳಿಯ ಬಯಲು, ಹಳೆಯ ಉಗಿಬಂಡಿ, ಮರೆತ ಗೆಳೆಯರನ್ನು ಕುರಿತ ‘ವಿಲೇಜ್ ಗ್ರೀನ್’ ಗೀತಮಾಲಿಕೆ ಹೊರಬಂದಿತು. ಅಂದೇ ಬೀಟಲ್ಸ್ ಅವರ ಬಿಳಿಯ ಹೊದಿಕೆಯ ಜೋಡಿ ತಟ್ಟೆಯೂ ಬಂದದ್ದರಿಂದ ಇದನ್ನು ಕೊಳ್ಳುವವರೇ ಇಲ್ಲವಾದರು. ಇಂದು ಅದನ್ನು ಬಲ್ಲವರು ಆ ಮೇಳದ ಶ್ರೇಷ್ಠ ಕೃತಿಯೆನ್ನುತ್ತಾರೆ. ಬಹಿಷ್ಕಾರವಿಲ್ಲದಿದ್ದರೆ ಈ ಹಾಡುಗಳು ಹುಟ್ಟುತ್ತಿದ್ದವೋ ಇಲ್ಲವೋ!

ರೇಡಿಯೋ ಕೇಳುವ ನಿಮಗೆ ಇನ್ನೊಂದು ಪ್ರಸಂಗವನ್ನು ಹೇಳದೆ ಬಿಡಲಾರೆ. 1970ರ ‘ಲೋಲಾ’ ಹಾಡಿನಲ್ಲಿ ಕೋಕಾ-ಕೋಲಾ ಎಂಬ ಪಾನೀಯದ ಹೆಸರು ಬಂದಿತ್ತು. ವ್ಯಾಪಾರದ ಸರಕಿನ ಹೆಸರು ಬಿ.ಬಿ.ಸಿ. ಬಾನುಲಿಯಲ್ಲಿ ಕೇಳಿಬರಕೂಡದು, ನಿಯಮವೆಂದರೆ ನಿಯಮ. ಡೇವೀಸರು ಅಮೆರಿಕದ ಪ್ರವಾಸದಲ್ಲಿದ್ದರು. ಆ ಒಂದು ಪದವನ್ನು ಬದಲಿಸಿ ಹಾಡುವುದಕ್ಕಾಗಿ ಅಟ್ಲಾಂಟಿಕ್ ಸಾಗರವನ್ನು ದಾಟಿ ಲಂಡನ್ನಿಗೆ ಹಾರಿಬಂದು, ಮತ್ತೆ ಹಾರಿಹೋದರು. ಛಂದಸ್ಸು ಕೆಡದಂತೆ ಒಂದು ಶಬ್ದವನ್ನು ಬದಲಿಸುವುದಕ್ಕೆ ಇಷ್ಟು ದೂರ ಪ್ರಯಾಣ ಮಾಡಿದ ಕವಿ ನಮ್ಮಲ್ಲಿಯಂತೂ ಇಲ್ಲ.

ಇಷ್ಟೆಲ್ಲ ಕೇಳಿದ ಮೇಲೆ ನನಗೊಂದು ಕೊರತೆ ಕಾಣಿಸಿತು. ಬ್ಲೇಡು ಹಿಡಿದ ತಮ್ಮನೆಲ್ಲಿ? ಕಥೆಯಲ್ಲಿ ಪಾತ್ರವಾಗಿದ್ದಾನೆ, ಅಣ್ಣನ ಕಂಠದಲ್ಲಿ ಮಾತಾಡುತ್ತಾನೆ, ವೇದಿಕೆಯ ಮೇಲಿಲ್ಲ. ಸೋದರರ ಕಲಹ ಲೋಕಪ್ರಸಿದ್ಧವಾದದ್ದು. ಅಣ್ಣ ಒಬ್ಬರೇ ಊರೂರು ತಿರುಗಿ ಇಬ್ಬರ ಕಥೆಯನ್ನೂ ಹೇಳುತ್ತಿದ್ದಂತೆಯೇ ಡೇವ್ 1996ರಲ್ಲಿ ‘ಕಿಂಕ್’ ಎಂಬ ತನ್ನದೇ ಆತ್ಮಕಥೆಯನ್ನು ಬರೆದು ಪ್ರಕಟಿಸಿದ. ಆ ವರ್ಷದಲ್ಲಿಯೇ ಮೇಳದ ಕಾರ್ಯಕ್ರಮಗಳು ನಿಂತುಹೋದವು. ಒಂದೇ ಪಡಸಾಲೆಯಲ್ಲಿ ಬೆಳೆದ ಇಬ್ಬರು, ಎರಡು ಪುಸ್ತಕ. ಗಿಟಾರು ಹಿಡಿದು ಚೆನ್ನಾಗಿ ಕಥೆ ಹೇಳಬಲ್ಲವನ ಪಾಠವೇ ಜನರ ನೆನಪಿನಲ್ಲಿ ನಿಲ್ಲುತ್ತದೆ. ಇದು ನ್ಯಾಯವೇ ಎಂದು ಕೇಳಿದರೆ ಉತ್ತರ ಸುಲಭವಲ್ಲ. ಪಾಠಾಂತರಗಳನ್ನು ತೂಗುವುದನ್ನು ಕಲಿತ ನನಗೆ ಎರಡು ಹಸ್ತಪ್ರತಿಗಳಿರುವುದೇ ಮೇಲೆನಿಸುತ್ತದೆ. ಅಣ್ಣ ಹೇಳಿದ್ದನ್ನು ಕೇಳಿದವರು ತಮ್ಮ ಬರೆದದ್ದನ್ನೂ ಓದಬೇಕು.

ಆ ಪ್ರದರ್ಶನದ ಫಲವಾಗಿ ಬೆಳೆದದ್ದು ಮತ್ತೊಂದು. ಅಮೆರಿಕದ ವಿ.ಎಚ್.1 ಎಂಬ ದೂರದರ್ಶನ ವಾಹಿನಿಯವರು ಈ ಮಾದರಿಯನ್ನೇ ಹಿಡಿದು 1996ರಲ್ಲಿ ‘ಸ್ಟೋರಿಟೆಲರ್ಸ್’ ಎಂಬ ಮಾಲೆಯನ್ನು ಆರಂಭಿಸಿದರು. ಮೊದಲ ಕಂತಿನಲ್ಲಿ ಡೇವೀಸರೇ ಕುಳಿತರು. ಆಮೇಲೆ ಹಾಡುಗಾರರನೇಕರು ತಮ್ಮ ಹಾಡು ಹುಟ್ಟಿದ ಕಥೆಯನ್ನು ಅಲ್ಲಿ ಹೇಳಿದರು. ಅವರಲ್ಲೊಬ್ಬರಾದ ಬ್ರೂಸ್ ಸ್ಪ್ರಿಂಗ್‌ಸ್ಟೀನ್ 2017ರಿಂದ 2018ರ ವರೆಗೆ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ 236 ರಾತ್ರಿ ಗಿಟಾರು, ಪಿಯಾನೋ, ಆತ್ಮಕಥೆಗಳೊಡನೆ ನಿಂತರು. ಡೇವೀಸರಿಗೆ 2017ರಲ್ಲಿ ‘ಸರ್’ ಪದವಿ ದೊರಕಿತು.

ರೀನ್ ಅಕ್ಕನ ವಿಷಯ ಒಂದು ಉಳಿಯಿತು. 1982ರ ಕೊನೆಗೆ ಬಂದ ‘ಕಮ್ ಡ್ಯಾನ್ಸಿಂಗ್’ ಎಂಬ ಹಾಡು ಮುಂದಿನ ವರ್ಷ ಅಮೆರಿಕದ ಪಟ್ಟಿಯಲ್ಲಿ ಆರನೆಯ ಸ್ಥಾನಕ್ಕೇರಿತು. ಶನಿವಾರದ ನೃತ್ಯಮಂದಿರ, ಅಲ್ಲಿಗೆ ಸಿಂಗರಿಸಿಕೊಂಡು ಹೋಗುವ ಅಕ್ಕ, ಕಿಟಕಿಯಿಂದ ನೋಡುವ ತಮ್ಮ, ಇವೆಲ್ಲ ಅದರಲ್ಲಿವೆ. ಕೊನೆಗೆ ಮಂದಿರವನ್ನು ಕೆಡವುತ್ತಾರೆ. ಆದರೆ ಹಾಡಿನ ಅಕ್ಕ ಸಾಯುವುದಿಲ್ಲ. ಅವಳಿಗೆ ಮದುವೆಯಾಗಿದೆ, ಮನೆಯಿದೆ, ಬೆಳೆದ ಹೆಣ್ಣುಮಕ್ಕಳಿದ್ದಾರೆ. ಈಗ ಶನಿವಾರದ ರಾತ್ರಿ ಹೊರಗೆ ಹೋಗುವವರು ಆ ಹುಡುಗಿಯರು. ಹಿಂದೆ ತನ್ನ ತಾಯಿ ತನಗಾಗಿ ಕಾದಿದ್ದಂತೆ, ಅವರು ಹಿಂದಿರುಗುವುದನ್ನೇ ಕಾಯುತ್ತ ಅವಳು ಮನೆಯಲ್ಲಿ ಎದ್ದು ಕುಳಿತಿರುತ್ತಾಳೆ.