ಪರದೇಶದ ಬಿಡಾರ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ನಮ್ಮಲ್ಲಿದೆ. ಎರಡರ ಖರ್ಚನ್ನೂ ಕಂಡುಂಡ ಹಿರಿಯರ ಮಾತು ಅದು. ಅವರ ಕಾಲದಲ್ಲಿ ಕಡಲು ದಾಟುವವರು ವಿರಳ. ಇಲ್ಲವಾದರೆ ‘ಪರದೇಶದಲ್ಲಿ ಬಾಡಿಗೆಗಿದ್ದು ನೋಡು’ ಎಂದು ಮೂರನೆಯದನ್ನೂ ಸೇರಿಸುತ್ತಿದ್ದರೋ ಏನೋ. ಈಚೆಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಮನೆಗೆ ಬಂದಿದ್ದರು. ಮಗ ಲಂಡನ್ನಿನಲ್ಲಿ ಓದುತ್ತಿದ್ದಾನೆ. “ಫೀಜಿಗೆ ಬ್ಯಾಂಕಿನವರು ಸಾಲ ಕೊಟ್ಟರು ಸಾರ್, ರೂಮಿನ ಬಾಡಿಗೆಗೆ ಮಾತ್ರ ಇವಳ ಬಳೆ ಅಡವಿಡಬೇಕಾಯಿತು” ಎಂದರು. ಅವರು ಹೋದ ಮೇಲೆ, ಅದೇ ಲಂಡನ್ನಿನಲ್ಲಿ ಬಾಡಿಗೆಯ ಲೆಕ್ಕ ಹಾಕುತ್ತ ಓದಿದ ಇಬ್ಬರು ನೆನಪಿಗೆ ಬಂದರು. ಒಬ್ಬರು ಗಾಂಧೀಜಿ, ಇನ್ನೊಬ್ಬರು ಅಂಬೇಡ್ಕರ್.

1888ರ ಸೆಪ್ಟೆಂಬರಿನಲ್ಲಿ ಮುಂಬಯಿಯಿಂದ ಹಡಗು ಹತ್ತಿದಾಗ ಮೋಹನದಾಸ ಗಾಂಧಿಯವರಿಗೆ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಲಂಡನ್ನಿನಲ್ಲಿ ಅವರು ಮೊದಲು ಇಳಿದುಕೊಂಡದ್ದು ವಿಕ್ಟೋರಿಯಾ ಎಂಬ ಭಾರಿ ಹೋಟೆಲಿನಲ್ಲಿ. ಅಲ್ಲಿಂದ ಹೊರಡುವಾಗ ಮೂರು ಪೌಂಡುಗಳ ಬಿಲ್ಲು ಕಂಡು ಎದೆ ಧಸಕ್ಕೆಂದಿತು. ಅಷ್ಟು ಕೊಟ್ಟೂ ಹೊಟ್ಟೆ ತುಂಬಿರಲಿಲ್ಲ. ಬಡಿಸಿದ್ದು ರುಚಿಸದೆ ಬೇರೊಂದನ್ನು ತರಿಸಿದರೆ ಎರಡಕ್ಕೂ ದುಡ್ಡು ತೆರಬೇಕಾಗಿತ್ತು. ಪರದೇಶಕ್ಕೆ ಹೊಸದಾಗಿ ಹೋದವನ ಪಾಡನ್ನು ಇದಕ್ಕಿಂತ ಚಿಕ್ಕದಾಗಿ ಹೇಳುವುದು ಕಷ್ಟ.

ಅಲ್ಲಿಂದ ರಿಚ್‌ಮಂಡಿನಲ್ಲಿ ಸ್ನೇಹಿತರೊಬ್ಬರ ಜೊತೆ ಕೆಲವು ದಿನ. ಆಮೇಲೆ ವೆಸ್ಟ್ ಕೆನ್ಸಿಂಗ್ಟನ್ನಿನಲ್ಲಿ, ಇಬ್ಬರು ಹೆಣ್ಣುಮಕ್ಕಳೊಡನೆ ಇದ್ದ ವಿಧವೆಯೊಬ್ಬರ ಮನೆಯಲ್ಲಿ ಊಟ ವಸತಿಯ ಏರ್ಪಾಡಾಯಿತು. ಗಾಂಧಿಯವರಿಗೆ ಒಂದು ಅಭ್ಯಾಸವಿತ್ತು. ಬಸ್ಸಿನ ಚಾರ್ಜು, ಅಂಚೆಚೀಟಿ, ವೃತ್ತಪತ್ರಿಕೆಗೆ ಕೊಟ್ಟ ಪುಡಿಗಾಸು, ಎಲ್ಲವನ್ನೂ ಬರೆದಿಟ್ಟು ರಾತ್ರಿ ಮಲಗುವ ಮೊದಲು ಕೂಡಿ ಕಳೆದು ನೋಡುವುದು. ಆ ಲೆಕ್ಕದ ಪುಸ್ತಕವೇ ಅವರಿಗೆ ಕಣ್ಣು ತೆರೆಯಿಸಿತು. ಒಂದು ಕುಟುಂಬದೊಡನೆ ಇರುವುದೆಂದರೆ ವಾರದ ಬಿಲ್ಲಿನಲ್ಲಿ ಮುಗಿಯುವ ಮಾತಲ್ಲ. ಮನೆಯವರನ್ನು ಆಗಾಗ ಹೊರಗೆ ಊಟಕ್ಕೆ ಕರೆದೊಯ್ಯಬೇಕು; ಜೊತೆಯಲ್ಲಿ ಮಹಿಳೆಯರಿದ್ದರೆ ಗಾಡಿಯ ಖರ್ಚು ಗಂಡಸಿನದೇ. ಹೊರಗೆ ಉಂಡ ದಿನ ಮನೆಯಲ್ಲಿ ಬಿಟ್ಟ ಊಟಕ್ಕೆ ಕಾಸಿನ ಕಡಿತವೂ ಇಲ್ಲ. ಬಾಡಿಗೆಯ ಬೆನ್ನಿಗೆ ಬರುವ ಮರ್ಯಾದೆಯ ಖರ್ಚು ಎಷ್ಟೆಂಬುದು ಅವರಿಗೆ ತಿಳಿಯಿತು.

ಅವರು ಆ ಮನೆ ಬಿಟ್ಟು ಸ್ವಂತಕ್ಕೆ ಎರಡು ಕೋಣೆ ಹಿಡಿದರು. ಕೆಲಸದ ಸ್ಥಳಕ್ಕೆ ಅರ್ಧ ಗಂಟೆಯಲ್ಲಿ ನಡೆದು ಮುಟ್ಟುವಂತಿರಬೇಕು ಎಂಬುದು ಕೋಣೆ ಹುಡುಕುವಾಗ ಅವರಿಟ್ಟುಕೊಂಡ ನಿಯಮ. ಗಾಡಿಯ ಖರ್ಚು ಉಳಿಯಿತು. ದಿನಕ್ಕೆ ಎಂಟು ಹತ್ತು ಮೈಲಿಗಳ ನಡಿಗೆ ಮೈಗೂಡಿತು. ಮುಂದೆ ದಂಡಿಯವರೆಗೆ ನಡೆದ ಕಾಲುಗಳು ಪಳಗಿದ್ದು ಲಂಡನ್ನಿನ ಬಾಡಿಗೆ ಉಳಿಸುವ ಹವಣಿಕೆಯಲ್ಲಿ ಎಂದರೆ ಉತ್ಪ್ರೇಕ್ಷೆಯಾಗಲಾರದು.

ಇಷ್ಟಾದರೂ ಅವರಿಗೆ ಸಮಾಧಾನವಿರಲಿಲ್ಲ. ಕೇಳಿದಾಗಲೆಲ್ಲ ಹಣ ಕಳುಹಿಸುತ್ತಿದ್ದ ಅಣ್ಣನ ಕಷ್ಟ ಮನಸ್ಸನ್ನು ಕೊರೆಯುತ್ತಿತ್ತು. ತಿಂಗಳಿಗೆ ಎಂಟರಿಂದ ಹದಿನೈದು ಪೌಂಡು ವೆಚ್ಚ ಮಾಡುತ್ತಿದ್ದ ಬಹುತೇಕ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನವಿತ್ತು, ತಮಗಿರಲಿಲ್ಲ. ವಾರಕ್ಕೆ ಎರಡೇ ಶಿಲಿಂಗಿನ ಕೋಣೆಯಲ್ಲಿದ್ದು ಓದುತ್ತಿದ್ದ ಬಡ ವಿದ್ಯಾರ್ಥಿಯೊಬ್ಬನ ವಿಷಯವೂ ಅವರ ಕಿವಿಗೆ ಬಿದ್ದಿತು. ಕೊನೆಗೆ ಎರಡು ಕೋಣೆ ಒಂದಾಯಿತು, ಕೋಣೆಗೊಂದು ಒಲೆ ಬಂದಿತು. ಬೆಳಿಗ್ಗೆ ಓಟ್ಸಿನ ಗಂಜಿ, ಕೋಕೋ. ರಾತ್ರಿ ರೊಟ್ಟಿ, ಕೋಕೋ. ಮಧ್ಯಾಹ್ನದ ಊಟವೊಂದು ಹೊರಗೆ. ದಿನದ ಖರ್ಚು ಒಂದು ಶಿಲಿಂಗ್ ಮೂರು ಪೆನ್ನಿಗೆ ಇಳಿಯಿತು. ಇಪ್ಪತ್ತು ಶಿಲಿಂಗಿಗೆ ಒಂದು ಪೌಂಡು ಎಂಬುದನ್ನು ನೆನೆದರೆ ಆ ಮಿತವ್ಯಯದ ಪ್ರಮಾಣ ಅರಿವಾದೀತು. ಮುಂದೆ ಅವರು ಲಂಡನ್ನಿಗೆ ಹೋಗುವ ವಿದ್ಯಾರ್ಥಿಗಳಿಗಾಗಿ ಕೈಪಿಡಿಯೊಂದನ್ನೇ ಬರೆದು, ವಾರಕ್ಕೆ ಒಂದು ಪೌಂಡಿನಲ್ಲಿ ಬದುಕಬಹುದೆಂದು ಲೆಕ್ಕ ಸಮೇತ ತೋರಿಸಿದರು.

ಹೀಗೆ ಗಾಂಧಿಯವರ ಪಾಲಿಗೆ ಬಾಡಿಗೆ ಎಂಬುದು ಒಂದು ವ್ರತವಾಯಿತು. ಆದರೆ ವ್ರತ ಹಿಡಿಯುವವನ ಉಪವಾಸವೇ ಬೇರೆ, ಅನ್ನವಿಲ್ಲದವನ ಉಪವಾಸವೇ ಬೇರೆ. ಈ ಎರಡನೆಯದನ್ನು ತಿಳಿಯಲು ನಾವು ಅಂಬೇಡ್ಕರರ ಬಿಡಾರಕ್ಕೆ ಹೋಗಬೇಕು.

ಬರೋಡೆಯ ಮಹಾರಾಜರ ವಿದ್ಯಾರ್ಥಿವೇತನದ ಮೇಲೆ 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ, 1916ರಲ್ಲಿ ಅಲ್ಲಿಂದ ಲಂಡನ್ನಿಗೆ ಹೋದ ಅಂಬೇಡ್ಕರರು ವೇತನದ ಅವಧಿ ಮುಗಿದದ್ದರಿಂದ 1917ರಲ್ಲಿ ಓದನ್ನು ಅರ್ಧಕ್ಕೇ ಬಿಟ್ಟು ಮರಳಿದರು. 1920ರಲ್ಲಿ ಮತ್ತೆ ಹೊರಟಾಗ ಕೈಯಲ್ಲಿದ್ದದ್ದು ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪಾಠ ಹೇಳಿ ಉಳಿಸಿದ ಹಣ, ಕೊಲ್ಹಾಪುರದ ಶಾಹು ಮಹಾರಾಜರ ನೆರವು, ಮತ್ತು ಪಾರ್ಸಿ ಗೆಳೆಯ ನವಲ್ ಭಥೇನಾ ಕೊಟ್ಟ ಸಾಲ. ಕಿಂಗ್ ಹೆನ್ರಿ ರಸ್ತೆಯ 10ನೆಯ ಸಂಖ್ಯೆಯ ಮನೆಯಲ್ಲಿ 1921-22ರಲ್ಲಿ ಅವರ ವಾಸ. ಬೆಳಿಗ್ಗೆ ಒಂದು ತುಂಡು ರೊಟ್ಟಿ ತಿಂದು ಗ್ರಂಥಾಲಯಕ್ಕೆ ಹೋದರೆ ಅದು ಮುಚ್ಚುವವರೆಗೆ ಓದು. ರಾತ್ರಿ ಹಸಿವು ತಡೆಯಲಾರದಾದಾಗ ಊರ ಕಡೆಯವರೊಬ್ಬರು ಕೊಟ್ಟಿದ್ದ ಹಪ್ಪಳವೇ ಗತಿ. ಅತ್ತ ಮುಂಬಯಿಯ ಪರೇಲಿನ ಚಾಳಿನಲ್ಲಿ ರಮಾಬಾಯಿಯವರು ಕಡುಬಡತನದಲ್ಲಿ ಸಂಸಾರ ತೂಗಿಸುತ್ತಿದ್ದರು. ಪರದೇಶದ ಕೋಣೆಯ ಬಾಡಿಗೆಯನ್ನು ಅರ್ಧ ಭಾಗ ಊರಿನಲ್ಲಿ ಉಳಿದವರೇ ತೆರುತ್ತಾರೆ ಎಂಬುದು ಅಂದಿಗೂ ನಿಜ, ಇಂದಿಗೂ ನಿಜ. ನನ್ನ ವಿದ್ಯಾರ್ಥಿಯ ಮಡದಿಯ ಬಳೆ ಅದಕ್ಕೆ ಸಾಕ್ಷಿ.

ಈ ಎರಡು ಯಾತ್ರೆಗಳ ನಡುವೆ, 1917ರಲ್ಲಿ ನಡೆದ ಪ್ರಸಂಗ ಇಲ್ಲಿ ಮುಖ್ಯವಾದದ್ದು. ಅಂಬೇಡ್ಕರರು ‘ವೇಟಿಂಗ್ ಫಾರ್ ಎ ವೀಸಾ’ ಎಂಬ ಕಿರು ಆತ್ಮಕಥನದಲ್ಲಿ ಅದನ್ನು ತಾವೇ ಬರೆದಿದ್ದಾರೆ. ವಿದ್ಯಾರ್ಥಿವೇತನದ ಕರಾರಿನಂತೆ ಕೆಲಸಕ್ಕೆ ಸೇರಲು ಬರೋಡೆಗೆ ಬಂದಿಳಿದರೆ, ಉಳಿಯಲು ಜಾಗವಿಲ್ಲ. ಹಿಂದೂ ಹೋಟೆಲುಗಳು ಸೇರಿಸುವುದಿಲ್ಲ. ಪರದೇಶದ ವಾಸದಲ್ಲಿ, ತಾವು ಅಸ್ಪೃಶ್ಯರೆಂಬುದು ಅವರ ಮನಸ್ಸಿನಿಂದ ಅಳಿಸಿಹೋಗಿತ್ತಂತೆ. ಬರೋಡೆಯ ರೈಲು ನಿಲ್ದಾಣ ಅದನ್ನು ಮತ್ತೆ ನೆನಪಿಸಿತು. ಕೊನೆಗೆ ಪಾರ್ಸಿಗಳ ಛತ್ರವೊಂದರಲ್ಲಿ, ಪಾರ್ಸಿ ಹೆಸರನ್ನು ಬರೆಯಿಸಿ, ದಿನಕ್ಕೆ ಒಂದೂವರೆ ರೂಪಾಯಿಯಂತೆ ಊಟ ವಸತಿ ಗೊತ್ತುಮಾಡಿಕೊಂಡರು. ಹಾಳು ಸಾಮಾನು ತುಂಬಿದ ಮಹಡಿ. ರಾತ್ರಿ ಒಂಟಿ ಲಾಟೀನಿನ ಬೆಳಕು. ಹನ್ನೊಂದನೆಯ ದಿನ ಬೆಳಿಗ್ಗೆ ದೊಣ್ಣೆ ಹಿಡಿದ ಗುಂಪು ಬಂದು, ಸಂಜೆಯೊಳಗೆ ಖಾಲಿ ಮಾಡೆಂದಿತು. ಒಬ್ಬ ಹಿಂದೂ ಗೆಳೆಯರನ್ನು, ಒಬ್ಬ ಕ್ರೈಸ್ತ ಗೆಳೆಯರನ್ನು ಕೇಳಿದರು. ಇಬ್ಬರೂ ಒಂದೊಂದು ನೆಪ ಹೇಳಿದರು. ಅಮೆರಿಕದಲ್ಲಿ ಓದಿ ಬಂದ ವಿದ್ವಾಂಸ ಸಾರ್ವಜನಿಕ ತೋಟವೊಂದರಲ್ಲಿ ಕುಳಿತು ಹೊತ್ತು ಕಳೆದು, ರಾತ್ರಿಯ ರೈಲಿನಲ್ಲಿ ಮುಂಬಯಿಗೆ ಹೊರಟರು.

ಲಂಡನ್ ಸ್ವರ್ಗವಾಗಿತ್ತೆಂದು ನಾನು ಹೇಳುತ್ತಿಲ್ಲ. ಅಲ್ಲಿ ಮೈಬಣ್ಣ ನೋಡಿ ಬಾಗಿಲು ಮುಚ್ಚಿದ ಮನೆಗಳು ಬೇಕಾದಷ್ಟಿದ್ದವು. 1965ರ ಜನಾಂಗ ಸಂಬಂಧ ಕಾಯಿದೆ ಕೂಡ ಬಾಡಿಗೆ ಮನೆಯ ಗೋಜಿಗೆ ಹೋಗಲಿಲ್ಲ. ಅದಕ್ಕೆ 1968ರ ಕಾಯಿದೆ ಬರಬೇಕಾಯಿತು. ಆದರೂ ಅಂಬೇಡ್ಕರರಿಗೆ ಅಲ್ಲಿ ಕೋಣೆಯೊಂದು ಸಿಕ್ಕಿತು, ಅದಕ್ಕೊಂದು ಬೆಲೆಯಿತ್ತು, ಹೊಟ್ಟೆ ಕಟ್ಟಿಯಾದರೂ ಆ ಬೆಲೆಯನ್ನು ತೆರಬಹುದಾಗಿತ್ತು. ಬರೋಡೆಯಲ್ಲಿ ಅದೂ ಇರಲಿಲ್ಲ. ದುಡ್ಡು ಕೊಡುತ್ತೇನೆಂದರೂ ಸಿಗದ ಮನೆಗಿಂತ ದುಬಾರಿಯಾದ ಮನೆ ಯಾವುದು?

ಕಿಂಗ್ ಹೆನ್ರಿ ರಸ್ತೆಯ ಆ ಮನೆಯನ್ನು 2015ರಲ್ಲಿ ಮಹಾರಾಷ್ಟ್ರ ಸರ್ಕಾರ 30 ಲಕ್ಷ ಪೌಂಡುಗಳಿಗೂ ಮೀರಿದ ಬೆಲೆಗೆ ಕೊಂಡು ಸ್ಮಾರಕ ಮಾಡಿತು. ಒಳ್ಳೆಯ ಕೆಲಸವೇ. ಆದರೆ ಆ ಸುದ್ದಿ ಓದಿದ ದಿನ ನನಗೆ ಹಿಗ್ಗಾಗಲಿಲ್ಲ. ಹಳೆಯದೊಂದು ನೆನಪು ಚುಚ್ಚಿತು. ಬಹಳ ವರ್ಷಗಳ ಹಿಂದೆ ನಮ್ಮ ಮನೆಯ ಹಿಂದಿನ ಎರಡು ಕೋಣೆಗಳನ್ನು ಕೇಳಿಕೊಂಡು ತರುಣ ಉಪನ್ಯಾಸಕರೊಬ್ಬರು ಬಂದಿದ್ದರು. ಬಾಡಿಗೆ ಒಪ್ಪಿಗೆಯಾಗಿತ್ತು, ಮುಂಗಡದ ಮಾತೂ ಆಗಿತ್ತು. ಆಮೇಲೆ ನಾನು, ಕನ್ನಡ ಎಂ.ಎ. ತರಗತಿಗೆ ವಚನಗಳನ್ನು ಬೋಧಿಸುತ್ತಿದ್ದವನು, “ನಿಮ್ಮದು ಯಾವ ಪೈಕಿ?” ಎಂದು ಕೇಳಿದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ, “ಬರುತ್ತೇನೆ ಸಾರ್” ಎಂದು ಕೈಮುಗಿದು ಹೊರಟುಹೋದರು. ಮತ್ತೆ ಬರಲಿಲ್ಲ.

ಲಂಡನ್ನಿನಲ್ಲಿರುವ ಆ ಹುಡುಗನಿಗೆ ಬಾಡಿಗೆ ಹೆಚ್ಚೆಂಬುದು ನಿಜ. ಓದು ಮುಗಿಸಿ, ತಾಯಿಯ ಬಳೆ ಬಿಡಿಸಿಕೊಡಲಿ. ಮರಳಿ ಬಂದು ಇಲ್ಲೇ ಒಂದು ಮನೆ ಕಟ್ಟಿಸಿದರೆ, ಬಾಡಿಗೆಗೆ ಕೇಳಿ ಬಂದವರನ್ನು ಬಾಡಿಗೆಯ ವಿಷಯವೊಂದನ್ನೇ ಕೇಳಲಿ.