ಗೃಹಗಣಕ ಸಂಗೀತದಲ್ಲಿ ಧ್ವನಿಮಾದರಿಗಳ ಸಿದ್ಧತೆ

ವಾದ್ಯದ ಅಥವಾ ಕಂಠದ ನಾದವನ್ನು ಗ್ರಹಿಸಿ, ಅಂಕಿಗಳ ಸಾಲನ್ನಾಗಿ ಪರಿವರ್ತಿಸಿ, ಗಣಕಯಂತ್ರವು ಬೇಕಾದ ಸ್ವರದಲ್ಲಿ ನುಡಿಸಬಲ್ಲ ಸ್ಯಾಂಪಲ್ಲನ್ನಾಗಿ ಅಣಿಗೊಳಿಸುವ ಕಲೆ. 1979ರಲ್ಲಿ ಸಿಡ್ನಿ ನಗರದ ಪೀಟರ್ ವೋಗೆಲ್ ಮತ್ತು ಕಿಮ್ ರೈರೀ ಎಂಬುವರು ಹೊರತಂದ ಫೇರ್‌ಲೈಟ್ ಯಂತ್ರದಿಂದ ಈ ವಿದ್ಯೆಯು ಪ್ರಸಿದ್ಧಿಗೆ ಬಂದಿತಾದರೂ, ಅದರ ಬೆಲೆಯು ಸಾಮಾನ್ಯರಿಗೆ ನಿಲುಕುವಂಥದಾಗಿರಲಿಲ್ಲ. ಮನೆಮನೆಯ ಹವ್ಯಾಸಿಗಳಿಗೆ ಆ ವಿದ್ಯೆಯನ್ನು ಒದಗಿಸಿಕೊಟ್ಟುದರಲ್ಲಿ 1985ರಲ್ಲಿ ಪ್ರಕಟವಾದ ಕೊಮೊಡೋರ್ ಅಮಿಗಾ ಗಣಕದ, ಅದರಲ್ಲಿಯೂ 1987ರ ಅಮಿಗಾ 500ರ, ಪಾತ್ರವು ಹಿರಿದು.

ಅಮಿಗಾದ ಪೌಲಾ ಎಂಬ ಚಿಪ್ಪು ಎಂಟು ಬಿಟ್ಟಿನ, ಎಂದರೆ 256 ಮಟ್ಟಗಳ, ನಾಲ್ಕು ಸ್ಯಾಂಪಲ್‌ಗಳನ್ನು ಏಕಕಾಲದಲ್ಲಿ ನುಡಿಸಬಲ್ಲುದಾಗಿತ್ತು. 1987ರಲ್ಲಿ ಜರ್ಮನಿಯ ಕಾರ್ಸ್ಟೆನ್ ಒಬಾರ್ಸ್ಕಿ ರಚಿಸಿದ ಅಲ್ಟಿಮೇಟ್ ಸೌಂಡ್‌ಟ್ರ್ಯಾಕರ್ ತಂತ್ರಾಂಶವು ಒಂದು ಕೃತಿಯಲ್ಲಿ 15 ಸ್ಯಾಂಪಲ್‌ಗಳಿಗೆ ಎಡೆಗೊಟ್ಟಿತು. ತರುವಾಯದ ನಾಯ್ಸ್‌ಟ್ರ್ಯಾಕರ್ ಮತ್ತು ಪ್ರೊಟ್ರ್ಯಾಕರ್‌ಗಳಲ್ಲಿ ಆ ಸಂಖ್ಯೆಯು 31 ಆಗಿತ್ತು.

ಸಿದ್ಧತೆಯ ಹಲವು ನಿಯಮಗಳನ್ನು ರೂಪಿಸಿದುದು ಸ್ಮೃತಿಯ ಅಭಾವ. ಯುರೋಪಿನ ಅಮಿಗಾಗಳಲ್ಲಿ ಪ್ರೊಟ್ರ್ಯಾಕರಿನ ನಡುಸಪ್ತಕದ ಸಿ ಸ್ವರವು ಸೆಕೆಂಡಿಗೆ ಸುಮಾರು 8,287 ಬೈಟುಗಳನ್ನು ಬೇಡುತ್ತಿದ್ದುದರಿಂದ, ಅಮಿಗಾ 500ರ 512 ಕಿಲೋಬೈಟುಗಳ ಸ್ಮೃತಿಯನ್ನೆಲ್ಲ ನಾದಕ್ಕೇ ಮೀಸಲಿಟ್ಟರೂ ಸುಮಾರು 63 ಸೆಕೆಂಡುಗಳಷ್ಟು ಮಾತ್ರ ಹಿಡಿಯುತ್ತಿತ್ತು. ಆದಕಾರಣ, ಮುದ್ರಕದ ಕಿಂಡಿಗೆ ಜೋಡಿಸಿದ ಪುಟ್ಟ ಉಪಕರಣದ ಮೂಲಕ ಧ್ವನಿಯನ್ನು ಒಳತಂದವನು ಮೊದಲು ಆದಿಯಲ್ಲಿನ ನಿಶ್ಶಬ್ದವನ್ನು ಕತ್ತರಿಸುತ್ತಿದ್ದನು. ಅದು ಉಳಿದರೆ ಸ್ಮೃತಿಯು ವ್ಯರ್ಥವಾಗುವುದಲ್ಲದೆ ಪ್ರತಿ ಪೆಟ್ಟೂ ತಾಳಕ್ಕಿಂತ ಹಿಂದೆ ಬೀಳುವುದು. ಗ್ರಹಿಸಿದ ಧ್ವನಿಯ ಮಟ್ಟವು ತಗ್ಗಿದರೆ ಹಿನ್ನೆಲೆಯ ಸುಯ್ಲು ಎದ್ದು ಕೇಳುವುದು, ಮಿತಿ ಮೀರಿದರೆ ನಾದವು ಒಡೆಯುವುದು. ಗ್ರಹಣವೇಗದ ಅರ್ಧಕ್ಕಿಂತ ಮೇಲಿನ ಕಂಪನಗಳನ್ನು ಮುಂಚಿತವಾಗಿಯೇ ಸೋಸದಿದ್ದರೆ ಮೂಲದಲ್ಲಿಲ್ಲದ ಅಪಸ್ವರಗಳು ನುಸುಳುವುವು.

ದೀರ್ಘಸ್ವರಕ್ಕಾಗಿ ಕೊಳಲಿನ ಆರಂಭದ ಊದನ್ನು ಉಳಿಸಿ, ಅನಂತರದ ಕೆಲವೇ ಆವರ್ತಗಳನ್ನು ಮರುಕಳಿಸುವಂತೆ ಮಾಡುವುದುಂಟು. ಆ ಲೂಪಿನ ತುದಿಮೊದಲುಗಳೆರಡೂ ತರಂಗವು ಶೂನ್ಯರೇಖೆಯನ್ನು ಒಂದೇ ದಿಕ್ಕಿನಲ್ಲಿ ದಾಟುವೆಡೆಯಲ್ಲಿ ಕೂಡಿದರೆ ಬೆಸುಗೆ ತಿಳಿಯದು. ತಪ್ಪಿದರೆ ಸುತ್ತುಸುತ್ತಿಗೂ ‘ಟಕ್’ ಎಂದೀತು. ಏಕಕಾಲದಲ್ಲಿ ನುಡಿಸಲು ನಾಲ್ಕೇ ಚಾನೆಲ್‌ಗಳಿದ್ದುದರಿಂದ ಮೂರು ಸ್ವರಗಳ ಮೇಳವನ್ನು ಒಂದೇ ಸ್ಯಾಂಪಲ್ಲಿನಲ್ಲಿ ಅಡಕಗೊಳಿಸುವ ಉಪಾಯವೂ ಬಳಕೆಗೆ ಬಂದಿತು.

1994ರಲ್ಲಿ ಪಿಸಿ ಗಣಕಗಳಿಗಾಗಿ ಬಂದ ಫಾಸ್ಟ್‌ಟ್ರ್ಯಾಕರ್ 2 ತಂತ್ರಾಂಶವು ಹದಿನಾರು ಬಿಟ್ಟಿನ ಸ್ಯಾಂಪಲ್‌ಗಳನ್ನೂ 32 ಚಾನೆಲ್‌ಗಳನ್ನೂ ಒದಗಿಸಿತು. ಸ್ಮೃತಿಯ ಬಡತನವು ಕ್ರಮೇಣ ನೀಗಿತಾದರೂ, ಅಂಚು ಕತ್ತರಿಸುವುದು, ಶ್ರುತಿಗೂಡಿಸುವುದು, ಲೂಪನ್ನು ಬೆಸೆಯುವುದು ಎಂಬೀ ಮೂರು ಕಾರ್ಯಗಳು ಇಂದಿನ ತಂತ್ರಾಂಶಗಳಲ್ಲಿಯೂ ಅನಿವಾರ್ಯವಾಗಿ ಉಳಿದಿವೆ.